ಬಾರದ ಮೂರು ಸೀರೆ, ಐದು ಬಾರಿ ಕಡಿತವಾದ ಖಾತೆ: ಆನ್‌ಲೈನ್ ಪಾವತಿಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ 2024ರ ನವೆಂಬರ್ ತಿಂಗಳಲ್ಲಿ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆಯಿತು. ಹಣ ಕಳೆದುಕೊಂಡವರು ಐವತ್ತು ದಾಟಿದ ಒಬ್ಬ ಸರ್ಕಾರಿ ಶಾಲೆಯ ಶಿಕ್ಷಕಿ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಇಂಥ ದೂರುಗಳನ್ನು ಬರೆದುಕೊಡುವುದು, ಬೇಕಾದರೆ ಠಾಣೆಗೂ ಶಾಖೆಗೂ ಜೊತೆಗೆ ಹೋಗುವುದು ನನ್ನ ರೂಢಿಯಾಗಿದೆ. ಹಾಗೆಯೇ ಅವರ ಕಾಗದಪತ್ರಗಳು ನನ್ನ ಕೈಗೆ ಬಂದವು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ಹೆಸರು, ಬ್ಯಾಂಕು, ಅಂಗಡಿ ಯಾವುದನ್ನೂ ಹೇಳದೆ ಇದನ್ನು ಬರೆಯುತ್ತಿದ್ದೇನೆ.

ಶಿಕ್ಷಕಿ ತಂತ್ರಜ್ಞಾನಕ್ಕೆ ಹೊಸಬರೇನಲ್ಲ. ಹಾಲಿನವನಿಗೆ, ಕಿರಾಣಿ ಅಂಗಡಿಗೆ, ಬಸ್ಸಿನ ಟಿಕೆಟ್ಟಿಗೆ ನಾಲ್ಕು ವರ್ಷಗಳಿಂದ ಯುಪಿಐ ಮೂಲಕವೇ ಹಣ ಕೊಡುತ್ತಿದ್ದವರು. ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬುದು ಅವರಿಗೆ ಗೊತ್ತಿತ್ತು, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದರು. ಈ ಮಾತನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಮೋಸ ಹೋದವರನ್ನು ತಿಳಿಯದವರು, ಆಸೆಬುರುಕರು ಎಂದು ಪಕ್ಕಕ್ಕೆ ಸರಿಸಿಬಿಟ್ಟರೆ ಪ್ರಕರಣದಿಂದ ಕಲಿಯಬೇಕಾದದ್ದು ಕೈಗೆ ಹತ್ತುವುದಿಲ್ಲ. ಈ ಶಿಕ್ಷಕಿ ತಿಳಿದವರು, ಜಾಗರೂಕರು. ಅವರ ಜಾಗರೂಕತೆ ಯಾವ ಕಡೆಗೆ ತಿರುಗಿತ್ತು ಎಂಬುದೇ ಇಲ್ಲಿನ ವಿಷಯ.

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಉಡುಗೊರೆಯಾಗಿ ಮೂರು ಇಳಕಲ್ ಸೀರೆ ಕೊಳ್ಳಬೇಕಿತ್ತು. ಸಾಮಾಜಿಕ ಜಾಲತಾಣದಲ್ಲಿ ಒಂದು ಜಾಹೀರಾತು ಕಾಣಿಸಿತು: ಕಸೂತಿ ಹಾಕಿದ ಇಳಕಲ್ ಸೀರೆ, ಒಂದಕ್ಕೆ 1,900 ರೂಪಾಯಿ, ನೇರವಾಗಿ ನೇಕಾರರಿಂದ. ಶಿಕ್ಷಕಿಗೆ ಸೀರೆಯ ಗುರುತು ಚೆನ್ನಾಗಿ ಇದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಬೆಸೆಯುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಕೆಂಪು ಸೆರಗು ಒಡಲನ್ನು ಕೂಡುವ ಜಾಗದಲ್ಲಿ ಆ ಬೆಸುಗೆ ಕಾಣುತ್ತಿತ್ತು. “ಅದು ಖರೇ ಇಳಕಲ್ಲ ಸೀರಿನ ಇತ್ತು ರೀ, ಕೊಂಡಿ ಸುದ್ದಾ ಕಾಣಸ್ತಿತ್ತು” ಎಂದು ಅವರು ನನ್ನೆದುರು ಮತ್ತೆ ಮತ್ತೆ ಹೇಳಿದರು. ಅವರ ಮಾತು ಸರಿಯೇ ಇತ್ತು. ಯಾರೋ ನೇಕಾರರ ಮಗ್ಗದಿಂದ ಇಳಿದ ನಿಜವಾದ ಸೀರೆಯ ಚಿತ್ರವನ್ನು ಕದ್ದು ಅಲ್ಲಿ ಹಾಕಿದ್ದರು.

ಮೊದಲ ಪಾವತಿ

ಗುರುವಾರ ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಅವರು ಜಾಹೀರಾತನ್ನು ಒತ್ತಿ ಅಂಗಡಿಯ ಜಾಲತಾಣಕ್ಕೆ ಹೋದರು. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇತ್ತು. ಅದನ್ನು ನೋಡಿ ಅವರಿಗೆ ಧೈರ್ಯ ಬಂತು. ಆ ಬೀಗ ಹೇಳುವುದು ಇಷ್ಟೇ: ನಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಓದಲಾರರು. ಆ ಕಡೆ ಕುಳಿತವನು ಪ್ರಾಮಾಣಿಕನೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ಕಳ್ಳನೂ ಆ ಬೀಗವನ್ನು ಖರ್ಚಿಲ್ಲದೆ ಪಡೆಯಬಹುದು.

ಪಾವತಿಯ ಪುಟದಲ್ಲಿ ಕಾರ್ಡುಗಳ ಚಿಹ್ನೆಗಳೆಲ್ಲ ಸಾಲಾಗಿ ಇದ್ದವು. ಆದರೆ ಕಾರ್ಡನ್ನು ಆಯ್ದುಕೊಂಡರೆ “ಸದ್ಯಕ್ಕೆ ಲಭ್ಯವಿಲ್ಲ” ಎಂದು ಬರುತ್ತಿತ್ತು. ಸರಕು ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆಯೂ “ನಿಮ್ಮ ಪಿನ್‌ಕೋಡಿಗೆ ಇಲ್ಲ” ಎಂದಿತು. ಯುಪಿಐ ಆದರೆ ಶೇಕಡ 10 ರಿಯಾಯಿತಿ. 5,700 ರೂಪಾಯಿ 5,130ಕ್ಕೆ ಇಳಿಯಿತು, ತೆರೆಯ ಮೇಲೆ ಒಂದು ಕ್ಯೂಆರ್ ಸಂಕೇತ ಮೂಡಿತು. ಅವರು ಅದನ್ನು ತಮ್ಮ ಯುಪಿಐ ಆ್ಯಪ್‌ನಲ್ಲಿ ತೆರೆದಾಗ ಹಣ ಪಡೆಯುವವರ ಹೆಸರು ಕಾಣಿಸಿತು. ಅದು ಅಂಗಡಿಯ ಹೆಸರಾಗಿರಲಿಲ್ಲ, ಯಾವುದೋ ವ್ಯಕ್ತಿಯ ಹೆಸರು. ಅಂಗಡಿಯ ಮಾಲೀಕರು ಇರಬಹುದು ಎಂದುಕೊಂಡು ಪಿನ್ ಹಾಕಿದರು.

ಇಡೀ ಪ್ರಕರಣದ ಮೊದಲ ತಿರುವು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ರಮಬದ್ಧವಾದ ಆನ್‌ಲೈನ್ ಅಂಗಡಿಗೆ ಕೊಳ್ಳುವವರು ಕೊಡುವ ಹಣ ಸಾಮಾನ್ಯವಾಗಿ ಪೇಮೆಂಟ್ ಅಗ್ರಿಗೇಟರ್ ಎಂಬ ಮಧ್ಯವರ್ತಿ ಸಂಸ್ಥೆಯ ಮೂಲಕ ಹೋಗುತ್ತದೆ. ಈ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅಂಗಡಿಯನ್ನು ಸೇರಿಸಿಕೊಳ್ಳುವ ಮೊದಲು ಅದರ ಹಿನ್ನೆಲೆಯನ್ನು ಪರಿಶೀಲಿಸುವುದು, ಕೊಳ್ಳುವವರ ಹಣವನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇಟ್ಟು ಅಲ್ಲಿಂದ ಅಂಗಡಿಗೆ ಕೊಡುವುದು ಅವುಗಳ ಹೊಣೆ. ಕಾರ್ಡಿನಿಂದ ಕೊಟ್ಟಿದ್ದರೆ ಸರಕು ಬಾರದಿದ್ದಾಗ ತಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣವನ್ನು ಹಿಂದಕ್ಕೆ ತರಿಸುವಂತೆ, ಕೇಳುವ ದಾರಿಯೂ ಇರುತ್ತದೆ. ವ್ಯಕ್ತಿಯ ಖಾತೆಗೆ ಕಟ್ಟಿದ ಕ್ಯೂಆರ್‌ಗೆ ಹಣ ಹಾಕಿದ ಕ್ಷಣ ಈ ಎಲ್ಲ ತಡೆಗಳೂ ಪಕ್ಕಕ್ಕೆ ಸರಿದುಬಿಡುತ್ತವೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಒಬ್ಬರು ಇನ್ನೊಬ್ಬರಿಗೆ ಕೈಯಾರೆ ಕೊಟ್ಟ ಹಣ. ಕಾರ್ಡಿನ ದಾರಿ ಮುಚ್ಚಿ, ಕೈಗೆ ಬಂದ ಮೇಲೆ ಕೊಡುವ ದಾರಿ ಮುಚ್ಚಿ, ಉಳಿದ ಒಂದೇ ದಾರಿಗೆ ರಿಯಾಯಿತಿ ಇಟ್ಟದ್ದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಮುಂದೆ ನಾನೂ ಅವರ ಅಕ್ಕನ ಮಗನೂ ಕೂತು ಆ ತಾಣವನ್ನು ನೋಡಿದಾಗ ಇನ್ನೂ ಎರಡು ಸಂಗತಿ ಕಂಡವು. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯು ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಲೇಬೇಕು. ಇಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ, ಒಂದು ಖಾಲಿ ಅರ್ಜಿ ನಮೂನೆ ಮಾತ್ರ ಇತ್ತು. ತಾಣದ ಹೆಸರು ಯಾವಾಗ ನೋಂದಣಿಯಾಯಿತು ಎಂದು ಹುಡುಕಿದರೆ, ಶಿಕ್ಷಕಿ ಹಣ ಕಟ್ಟಿದ ದಿನಕ್ಕೆ ಅದಕ್ಕೆ 19 ದಿನಗಳ ವಯಸ್ಸು. “ಮೂರು ತಲೆಮಾರಿನ ನೇಕಾರ ಮನೆತನ” ಎಂದು ಅದರ ಮೇಲ್ಭಾಗದಲ್ಲಿ ಬರೆದಿತ್ತು.

ಶನಿವಾರದ ಸಂಜೆ

ಒಂಬತ್ತು ದಿನ ಕಳೆದರೂ ಸೀರೆ ಬರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಇದು 5,130 ರೂಪಾಯಿಯ ಪ್ರಕರಣವಾಗಿ ಉಳಿಯುತ್ತಿತ್ತು, ಬಹುಶಃ ನನ್ನ ತನಕ ಬರುತ್ತಲೂ ಇರಲಿಲ್ಲ. ದೊಡ್ಡ ನಷ್ಟವಾದದ್ದು ಹಣವನ್ನು ವಾಪಸು ಪಡೆಯಲು ಹೊರಟಾಗ. ನಾನು ನೋಡಿದ ದೂರುಗಳಲ್ಲಿ ಹೀಗೆ ಆಗುವುದು ಅಪರೂಪವಲ್ಲ: ಕೊಳ್ಳುವಾಗ ಇರುವ ಎಚ್ಚರ ಮರುಪಾವತಿ ಕೇಳುವಾಗ ಇರುವುದಿಲ್ಲ, ಏಕೆಂದರೆ ಆಗ ನಾವು ಕೊಡುವವರಲ್ಲ, ಪಡೆಯುವವರು ಎಂಬ ಭಾವನೆಯಲ್ಲಿ ಇರುತ್ತೇವೆ.

ಶನಿವಾರ ಸಂಜೆ ಆರು ಗಂಟೆಗೆ ಶಿಕ್ಷಕಿ ಅಂಗಡಿಯ ಹೆಸರಿನ ಮುಂದೆ ಕಸ್ಟಮರ್ ಕೇರ್ ಎಂದು ಸೇರಿಸಿ ಅಂತರ್ಜಾಲದಲ್ಲಿ ಹುಡುಕಿದರು. ಯಾರದೋ ಒಂದು ಪೋಸ್ಟಿನಲ್ಲಿ ಹತ್ತು ಅಂಕಿಯ ಒಂದು ಮೊಬೈಲ್ ಸಂಖ್ಯೆ ಸಿಕ್ಕಿತು. 6 ಗಂಟೆ 10 ನಿಮಿಷಕ್ಕೆ ಕರೆ ಮಾಡಿದರು. ಎತ್ತಿದವನು ಬೆಂಗಳೂರಿನ ಕಡೆಯ ಸ್ವಚ್ಛ ಕನ್ನಡದಲ್ಲಿ, ಬಹಳ ವಿನಯದಿಂದ ಮಾತಾಡಿದ. ತಡವಾದದ್ದಕ್ಕೆ ಕ್ಷಮೆ ಕೇಳಿದ. ಪೂರ್ತಿ ಹಣ ವಾಪಸು ಬರುತ್ತದೆ, ಅದಕ್ಕೊಂದು ಮರುಪಾವತಿ ಅರ್ಜಿ ತುಂಬಬೇಕು ಎಂದು ಲಿಂಕ್ ಕಳಿಸಿದ. ಅರ್ಜಿಯಲ್ಲಿ ಹೆಸರು, ಫೋನ್ ಸಂಖ್ಯೆಯ ಜೊತೆಗೆ ಡೆಬಿಟ್ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ ಇಷ್ಟನ್ನೂ ಕೇಳಿತ್ತು. ಬಳಿಕ “ನಿಮಗೆ ತೊಂದರೆ ಆಗಬಾರದು, ನಾನೇ ನೋಡಿಕೊಂಡು ಹೇಳುತ್ತೇನೆ” ಎಂದು ಫೋನಿನ ತೆರೆಯನ್ನು ದೂರದಿಂದ ನೋಡಬಲ್ಲ ಒಂದು ಆ್ಯಪ್ ಹಾಕಿಸಿದ. ಆಮೇಲೆ “ವೆರಿಫಿಕೇಶನ್” ಎಂದು ಅಕ್ಷರ ಮತ್ತು ಅಂಕಿಗಳು ಕಲಸಿದ ಒಂದು ಉದ್ದನೆಯ ಸಂದೇಶವನ್ನು ವಾಟ್ಸಾಪಿನಲ್ಲಿ ಕಳಿಸಿ, ಅದನ್ನು ಹಾಗೇ ಒಂದು ಸಂಖ್ಯೆಗೆ ಎಸ್‌ಎಂಎಸ್ ಮಾಡಲು ಹೇಳಿದ. ಅದಕ್ಕೂ ಅವರು ಒಪ್ಪಿದರು.

ಅನಂತರ ಯುಪಿಐ ಆ್ಯಪ್ ತೆರೆಸಿ, ಒಂದು ವಿಳಾಸ ಹಾಕಿಸಿ, ಮೊತ್ತ ತುಂಬುವ ಜಾಗದಲ್ಲಿ 24998 ಎಂದು ಒತ್ತಲು ಹೇಳಿದ. ಇದು ಹಣವಲ್ಲವೇ ಎಂದು ಶಿಕ್ಷಕಿ ಕೇಳಿದರು. “ಅದು ಅಮೌಂಟ್ ಅಲ್ಲ ಮೇಡಂ, ನಿಮ್ಮ ರಿಫಂಡ್ ಕೋಡ್. ಕೊನೆಯಲ್ಲಿ ಪಿನ್ ಹಾಕಿದರೆ ಕೋಡ್ ಕನ್ಫರ್ಮ್ ಆಗುತ್ತೆ” ಎಂದ. ಅವರು ಪಿನ್ ಹಾಕಿದರು. ಸರ್ವರ್ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಮಾಡಿ ಎಂದ. ಇನ್ನೊಮ್ಮೆ ಹಾಕಿದರು. ಖಾತೆಯಿಂದ ಎರಡು ಸಲ 24,998 ರೂಪಾಯಿ ಹೋಯಿತು. ಅಷ್ಟರಲ್ಲಿ ತೆರೆಯ ಮೇಲೆ ಬಂದ ಒಟಿಪಿಯನ್ನು ಅವನು ಆ ಕಡೆಯಿಂದಲೇ ಓದಿಕೊಂಡು, ಅರ್ಜಿಯಲ್ಲಿ ತುಂಬಿದ್ದ ಕಾರ್ಡಿನ ವಿವರ ಬಳಸಿ, ಒಂದು ದೊಡ್ಡ ಆನ್‌ಲೈನ್ ಮಳಿಗೆಯಲ್ಲಿ 41,500 ರೂಪಾಯಿಗೆ ಮೊಬೈಲ್ ಫೋನ್ ಆರ್ಡರ್ ಮಾಡಿದ. 6 ಗಂಟೆ 50ಕ್ಕೆ ಕರೆ ತುಂಡಾಯಿತು.

ಶಿಕ್ಷಕಿ ಒಟಿಪಿಯನ್ನು ಯಾರಿಗೂ ಹೇಳಿರಲಿಲ್ಲ. ಕೊನೆಯವರೆಗೂ ಅವರು ಇದನ್ನು ನೆನಪಿಸಿಕೊಂಡು ಕಣ್ಣೀರು ಹಾಕಿದರು. ಒಟಿಪಿ ಹೇಳಬಾರದು ಎಂದು ನಾವು ಜನರಿಗೆ ಇಷ್ಟು ವರ್ಷ ಹೇಳುತ್ತ ಬಂದೆವು. ತೆರೆಯನ್ನೇ ಇನ್ನೊಬ್ಬರಿಗೆ ತೋರಿಸಿದರೆ ಬಾಯಿ ಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಈ ಒಂದು ಮಾತು ಆ ಸಂಜೆ ಅವರ ನೆನಪಿಗೆ ಬಂದಿದ್ದರೆ ಎರಡು ಪಾವತಿಗಳು ನಿಲ್ಲುತ್ತಿದ್ದವು.

ರಾತ್ರಿ ಎಂಟೂವರೆಯಿಂದ ಹತ್ತರವರೆಗೆ

ಕಡಿತದ ಸಂದೇಶಗಳನ್ನು ನೋಡಿದ ಮೇಲೂ ಅವರು ಒಂದೂ ಮುಕ್ಕಾಲು ಗಂಟೆ ಯಾರಿಗೂ ಹೇಳಲಿಲ್ಲ. ಸೀರೆ ಯಾರ ಮನೆಯ ಶುಭಕಾರ್ಯಕ್ಕೋ ಆ ಮನೆಯವರಿಗೇ ಈ ಸುದ್ದಿ ಹೇಳುವುದು ಹೇಗೆ ಎಂಬ ಸಂಕೋಚ. ಎಂಟೂವರೆಗೆ ಬೇರೆ ಯಾವುದೋ ಕೆಲಸಕ್ಕೆ ಮನೆಗೆ ಬಂದ ಅಕ್ಕನ ಮಗ, ಇಂಜಿನಿಯರಿಂಗ್ ಓದುವ ಹುಡುಗ, ಅವರ ಮುಖ ನೋಡಿ ವಿಚಾರಿಸಿದ. ಅವನು ಬೈಯ್ಯಬಹುದು ಎಂದು ಇವರು ಅಂಜಿದ್ದರು. “ಚಿಗವ್ವಾ, ಆ ಮಾತೆಲ್ಲಾ ಆಮ್ಯಾಲ, ಮೊದಲ ಫೋನ್ ಹಚ್ಚೋಣು” ಎಂದ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳಿದ ಮಾತು ಅದು, ಏಕೆಂದರೆ ಮುಂದೆ ಸಿಕ್ಕ ಹಣವೆಲ್ಲ ಆ ಹೊತ್ತಿನ ಓಟದಿಂದ ಸಿಕ್ಕಿತು.

ಹುಡುಗ ಮೊದಲು ಫೋನಿನ ಅಂತರ್ಜಾಲ ಸಂಪರ್ಕ ತೆಗೆದ. ತೆರೆ ನೋಡುವ ಆ್ಯಪ್ ತೆಗೆದುಹಾಕುವ ಮೊದಲು ಅದರದ್ದೂ, ವಾಟ್ಸಾಪ್ ಮಾತುಕತೆಯದ್ದೂ, ಕಡಿತದ ಸಂದೇಶಗಳದ್ದೂ ಚಿತ್ರಗಳನ್ನು ತನ್ನ ಫೋನಿನಿಂದ ತೆಗೆದುಕೊಂಡ. ಫೋನನ್ನು ಪೂರ್ತಿ ಅಳಿಸಿಬಿಡಬೇಕು ಎಂದು ಶಿಕ್ಷಕಿ ಹಟ ಹಿಡಿದಿದ್ದರು, ಅವನು ತಡೆದ. ಹಾಗೆ ಮಾಡಿದ್ದರೆ ಮುಂದೆ ಠಾಣೆಯಲ್ಲಿ ಕೊಡಲು ಏನೂ ಉಳಿಯುತ್ತಿರಲಿಲ್ಲ.

8 ಗಂಟೆ 55ಕ್ಕೆ ಸೈಬರ್ ವಂಚನೆಯ ದೂರಿಗೆ ಇರುವ 1930 ಸಹಾಯವಾಣಿ ಸಿಕ್ಕಿತು. ಖಾತೆ ಇರುವ ಬ್ಯಾಂಕು, ಪ್ರತಿ ಕಡಿತದ ಮೊತ್ತ, ಸಮಯ, ಯುಪಿಐ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆ ಇವನ್ನು ಕೇಳಿದರು. ಈ ಸಂಖ್ಯೆ ಯುಪಿಐ ಆ್ಯಪ್‌ನ ಇತಿಹಾಸದಲ್ಲಿ ಇರುತ್ತದೆ. ಅದನ್ನು ಹುಡುಕುವುದರಲ್ಲಿಯೇ ಐದು ನಿಮಿಷ ಹೋಯಿತು. 1930ರ ಹಿಂದಿರುವ ವ್ಯವಸ್ಥೆಯಲ್ಲಿ ಬ್ಯಾಂಕುಗಳು, ವ್ಯಾಲೆಟ್‌ಗಳು, ಪಾವತಿ ಸಂಸ್ಥೆಗಳು, ಆನ್‌ಲೈನ್ ಮಳಿಗೆಗಳು ಪೊಲೀಸರೊಂದಿಗೆ ಜೋಡಿಸಿಕೊಂಡಿವೆ. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ದಾಟಿದ್ದರೆ ಸೂಚನೆಯೂ ಅದರ ಬೆನ್ನು ಹತ್ತುತ್ತದೆ. ದೂರಿನ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬಂತು. ಅದೇ ರಾತ್ರಿ cybercrime.gov.in ತಾಣದಲ್ಲಿ ದೂರನ್ನು ಪೂರ್ತಿ ಮಾಡಿದರು.

9 ಗಂಟೆ 20ಕ್ಕೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ಕಾರ್ಡಿನಿಂದಲೂ ಯುಪಿಐಯಿಂದಲೂ ಮೋಸವಾಗಿದೆ ಎಂದು ತಿಳಿಸಿದರು. ಕಾರ್ಡ್ ನಿಲ್ಲಿಸಿದ್ದೇವೆ ಎಂದರು, ದೂರಿನ ಸಂಖ್ಯೆ ಇರುವ ಸಂದೇಶವೂ ಬಂತು. ಎಲ್ಲ ಮುಗಿಯಿತು ಎಂದುಕೊಂಡು ಫೋನನ್ನು ಮೇಜಿನ ಮೇಲೆ ಇಟ್ಟಿದ್ದರು. 9 ಗಂಟೆ 48ಕ್ಕೆ ಮತ್ತೊಂದು ಸಂದೇಶ: ಯುಪಿಐ ಮೂಲಕ 4,900 ರೂಪಾಯಿ ಕಡಿತ.

ಅಂತರ್ಜಾಲ ಇಲ್ಲದ ಫೋನು, ನಿಂತುಹೋದ ಕಾರ್ಡು, ತೆಗೆದುಹಾಕಿದ ಆ್ಯಪ್. ಆದರೂ ಹಣ ಹೋಯಿತು. ಕಾರಣ ಸಂಜೆ ಕಳಿಸಿದ ಆ ಉದ್ದನೆಯ ಎಸ್‌ಎಂಎಸ್. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡುವಾಗ ಆ ಫೋನಿನ ಸಿಮ್‌ನಿಂದ ಒಂದು ಸಂಕೇತ ಸಂದೇಶ ಹೋಗಿ, ಈ ಸಂಖ್ಯೆ ಈ ಸಾಧನದ್ದೇ ಎಂದು ಖಚಿತವಾಗುತ್ತದೆ. ಕಳ್ಳ ತನ್ನ ಫೋನಿನಲ್ಲಿ ಹುಟ್ಟಿದ ಆ ಸಂಕೇತವನ್ನು ಶಿಕ್ಷಕಿಯ ಸಿಮ್‌ನಿಂದ ಕಳಿಸಿಸಿದ್ದ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿಯ ತಿಂಗಳು ಅವನ ಕೈಯಲ್ಲಿದ್ದವು, ಒಟಿಪಿ ತೆರೆಯ ಮೇಲೆ ಕಾಣುತ್ತಿತ್ತು. ಹೊಸ ಪಿನ್ ಮಾಡಿಕೊಂಡ. ಹೊಸ ಸಾಧನದಲ್ಲಿ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುವುದರಿಂದ ಹೋದದ್ದು 4,900. ಮರುದಿನ ಸಂಜೆಯವರೆಗೆ ಯಾರೂ ಗಮನಿಸದೆ ಹೋಗಿದ್ದರೆ ಖಾತೆಯಲ್ಲಿ ಉಳಿದ ಸಂಬಳವೆಲ್ಲ ಹೋಗುತ್ತಿತ್ತು. ಹುಡುಗ ತಕ್ಷಣ ಮತ್ತೆ ಬ್ಯಾಂಕಿಗೆ ಕರೆ ಮಾಡಿ, ಖಾತೆಯಿಂದ ಯಾವ ರೀತಿಯಲ್ಲೂ ಹಣ ಹೊರಹೋಗದಂತೆ ಡೆಬಿಟ್ ಫ್ರೀಜ್ ಮಾಡಿಸಿದ. ಕಾರ್ಡ್ ನಿಲ್ಲಿಸಿದರೆ ಯುಪಿಐ ನಿಲ್ಲುವುದಿಲ್ಲ ಎಂಬ ಸಂಗತಿಯನ್ನು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ನಾನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಬ್ಯಾಂಕು, ಠಾಣೆ, ನ್ಯಾಯಾಲಯ

ಸೋಮವಾರ ಬೆಳಿಗ್ಗೆ ಅವರು ನನ್ನಲ್ಲಿಗೆ ಬಂದರು. ಒಟ್ಟು ಹೋಗಿದ್ದು 1,01,526 ರೂಪಾಯಿ. ಐದು ಕಡಿತಗಳನ್ನು ಒಂದೇ ದೂರಿನಲ್ಲಿ ಕಲಸದೆ, ಒಂದೊಂದಕ್ಕೂ ಪ್ರತ್ಯೇಕ ಸಾಲು ಬರೆಯೋಣ ಎಂದು ನಾನು ಹೇಳಿದೆ. ಒಂದೇ ಮೋಸವಾಗಿ ಕಂಡರೂ ಪ್ರತಿಯೊಂದಕ್ಕೂ ಕಾನೂನಿನ ದಾರಿ ಬೇರೆ.

41,500 ರೂಪಾಯಿ ಎಲ್ಲಕ್ಕಿಂತ ಮೊದಲು ಬಂತು. ಫೋನು ಇನ್ನೂ ಗೋದಾಮಿನಿಂದ ಹೊರಬಿದ್ದಿರಲಿಲ್ಲ. 1930ರ ಸೂಚನೆ ತಲುಪಿದ ಕಾರಣ ಮಳಿಗೆ ಆರ್ಡರನ್ನು ರದ್ದು ಮಾಡಿತು, ಎಂಟು ದಿನದೊಳಗೆ ಹಣ ಖಾತೆಗೆ ಮರಳಿತು. ಎರಡು 24,998ಗಳ ಪೈಕಿ ಮೊದಲನೆಯದು ಮೂರು ಖಾತೆ ದಾಟಿ ಎಟಿಎಂನಿಂದ ನಗದಾಗಿ ಹೋಗಿಬಿಟ್ಟಿತ್ತು. ಎರಡನೆಯದರಲ್ಲಿ 17,400 ರೂಪಾಯಿ ಎರಡನೆಯ ಹಂತದ ಖಾತೆಯೊಂದರಲ್ಲಿ ಸಿಕ್ಕಿಬಿದ್ದಿತ್ತು. ಒಂದೂ ಮುಕ್ಕಾಲು ಗಂಟೆಯ ಸಂಕೋಚಕ್ಕೆ ಎಷ್ಟು ಬೆಲೆ ತೆತ್ತರು ಎಂದು ಲೆಕ್ಕ ಹಾಕಲು ಬರುವುದಿಲ್ಲ, ಆದರೆ ಆ ಖಾತೆಯಿಂದ ಹಣ ಹೊರಬಿದ್ದ ಸಮಯಗಳನ್ನು ಠಾಣೆಯಲ್ಲಿ ನೋಡಿದಾಗ ಶಿಕ್ಷಕಿ ಮಾತಾಡಲಿಲ್ಲ.

ತಡೆಹಿಡಿದ ಹಣ ತಾನಾಗಿ ಬರುವುದಿಲ್ಲ. ಜಿಲ್ಲಾ ಕೇಂದ್ರದ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಮತ್ತು ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಆಮೇಲೆ ವಕೀಲರ ಮೂಲಕ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೆಯ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು, ಆದೇಶ ಪಡೆದು, ಅದನ್ನು ಆ ಬ್ಯಾಂಕಿಗೆ ತಲುಪಿಸಿ, 17,400 ರೂಪಾಯಿ ಕೈಗೆ ಬರಲು ಐದು ತಿಂಗಳು ಹಿಡಿಯಿತು. ಶಾಲೆಗೆ ನಾಲ್ಕು ದಿನ ರಜೆ ಹಾಕಬೇಕಾಯಿತು.

ತಮ್ಮ ಬ್ಯಾಂಕಿನ ಉತ್ತರ ಇಪ್ಪತ್ತು ದಿನದೊಳಗೆ ಬಂತು: ಪಿನ್ ಹಾಕಿದವರು ನೀವೇ, ಆದ್ದರಿಂದ ಬ್ಯಾಂಕಿನ ಹೊಣೆ ಇಲ್ಲ. ಇಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಸರಿಯಾಗಿ ಓದುವುದು ಮುಖ್ಯವಾಯಿತು. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ಅನಧಿಕೃತ ಕಡಿತವಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ ಎಂದು ಅದು ಹೇಳುತ್ತದೆ. ಈ ವಾಕ್ಯವನ್ನಷ್ಟೇ ಹಿಡಿದುಕೊಂಡು ಪೂರ್ತಿ ಹಣ ಬರುತ್ತದೆ ಎಂದು ಭರವಸೆ ಕೊಡುವವರು ಇದ್ದಾರೆ, ಅದು ಸರಿಯಲ್ಲ. ಗ್ರಾಹಕರ ಅಜಾಗರೂಕತೆಯಿಂದ, ಅಂದರೆ ಪಾವತಿಯ ಗುಟ್ಟನ್ನು ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಆದರೆ ಅದೇ ಸುತ್ತೋಲೆಯ ಮುಂದಿನ ಮಾತು ನಮಗೆ ಬೇಕಿತ್ತು: ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕು ಭರಿಸಬೇಕು. 4,900 ರೂಪಾಯಿ ಹೋದದ್ದು 9 ಗಂಟೆ 48ಕ್ಕೆ. ದೂರಿನ ಸಂಖ್ಯೆಯ ಸಂದೇಶ ಬಂದದ್ದು 9 ಗಂಟೆ 20ರ ಕರೆಯ ಬೆನ್ನಿಗೇ, ಅದರಲ್ಲಿ ಯುಪಿಐ ಎಂಬ ಮಾತೂ ನಮೂದಾಗಿತ್ತು.

ಬ್ಯಾಂಕುಗಳ ಮೇಲಿನ ಗ್ರಾಹಕರ ದೂರನ್ನು ವಿಚಾರಿಸುವ 2021ರ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿನ ತಾಣದಲ್ಲಿ ದೂರು ಹಾಕಿದೆವು. ಬ್ಯಾಂಕು ದೂರನ್ನು ತಳ್ಳಿಹಾಕಿದರೆ, ಅಥವಾ ಮೂವತ್ತು ದಿನ ಉತ್ತರಿಸದಿದ್ದರೆ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ. ಆ ಒಂದು ಸಂದೇಶದ ಚಿತ್ರವನ್ನು ಲಗತ್ತಿಸಿದ್ದರಿಂದ ಬ್ಯಾಂಕು 4,900 ರೂಪಾಯಿಯನ್ನು ವಾದವಿಲ್ಲದೆ ಜಮಾ ಮಾಡಿತು. ಶಿಕ್ಷಕಿಯೇ ಪಿನ್ ಹಾಕಿದ ಎರಡು ಪಾವತಿಗಳ ಮಟ್ಟಿಗೆ ದೂರು ಮುಕ್ತಾಯವಾಯಿತು. ಸೀರೆಗೆ ಕೊಟ್ಟ 5,130ಕ್ಕೆ ಯಾವ ದಾರಿಯೂ ಕೂಡಿಬರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಬರೆದೆವು. ಹೆಸರು, ವಿಳಾಸ ಇರುವ ಅಂಗಡಿಯಾಗಿದ್ದರೆ ಅದು ಬಹಳ ಕೆಲಸಕ್ಕೆ ಬರುತ್ತಿತ್ತು, ಆದರೆ ನೋಟೀಸು ಕಳಿಸಲು ಇಲ್ಲಿ ಅಂಗಡಿಯೇ ಇರಲಿಲ್ಲ.

ಲೆಕ್ಕ ಕೂಡಿಸಿದರೆ 63,800 ರೂಪಾಯಿ ಮರಳಿತು, 37,726 ಹೋಯಿತು.

ಇದರ ನಡುವೆ ಇನ್ನೊಂದು ಕರೆ ಬಂದಿತ್ತು. ಘಟನೆಯಾಗಿ ಹತ್ತು ದಿನಕ್ಕೆ ಒಬ್ಬಾತ ಸೈಬರ್ ವಸೂಲಿ ವಿಭಾಗದವನು ಎಂದು ಹೇಳಿಕೊಂಡು, ಹೋದ ಮೊತ್ತವನ್ನು ಸರಿಸುಮಾರು ಹೇಳಿ, 3,000 ರೂಪಾಯಿ ಕಟ್ಟಿದರೆ ಎಲ್ಲವನ್ನೂ ಬಿಡಿಸಿಕೊಡುತ್ತೇನೆ ಎಂದ. ಒಮ್ಮೆ ಸಿಕ್ಕವರ ಸಂಖ್ಯೆಯನ್ನು ಈ ಜಾಲಗಳು ಬಿಡುವುದಿಲ್ಲ. ಶಿಕ್ಷಕಿ “ತಡೀರಿ, ಕೇಳಿ ಹೇಳತೀನಿ” ಎಂದು ಕರೆ ಕತ್ತರಿಸಿ ನನಗೆ ಫೋನ್ ಮಾಡಿದರು. ಆ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ, ಅನುಮಾನದ ಕರೆಗಳನ್ನು ತಿಳಿಸಲು ಇರುವ ಚಕ್ಷು ಎಂಬ ಸೌಲಭ್ಯದಲ್ಲಿ ವರದಿ ಮಾಡಿದೆವು.

ತಿರುವುಗಳನ್ನು ಮತ್ತೆ ನೋಡಿದಾಗ

ಸೀರೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವರು ಹಣ ಯಾರಿಗೆ ಹೋಗುತ್ತದೆ ಎಂಬುದನ್ನು ಒಂದು ಕ್ಷಣ ನೋಡಿ ಬಿಟ್ಟುಬಿಟ್ಟರು. ಸಂತೆಯಲ್ಲಿ ವ್ಯಾಪಾರ ಮಾಡಿದ ನಮ್ಮ ಹಿರಿಯರಿಗೆ ಸರಕು ಪರೀಕ್ಷಿಸಿದರೆ ಸಾಕಾಗುತ್ತಿತ್ತು, ಏಕೆಂದರೆ ಸರಕೂ ಮಾರುವವನೂ ಒಂದೇ ಜಾಗದಲ್ಲಿ ಕೂತಿರುತ್ತಿದ್ದರು. ಆನ್‌ಲೈನ್‌ನಲ್ಲಿ ಚಿತ್ರ ಒಂದು ಕಡೆಯದು, ತಾಣ ಇನ್ನೊಂದು ಕಡೆಯದು, ಖಾತೆ ಮತ್ತೊಬ್ಬನದು ಆಗಿರಬಹುದು. ಹಾಗಾಗಿ ಪಿನ್ ಹಾಕುವ ಮುಂಚೆ ತೆರೆಯ ಮೇಲೆ ಮೂಡುವ ಆ ಹೆಸರು, ಗೊತ್ತಿಲ್ಲದ ಅಂಗಡಿಗಳ ಮಟ್ಟಿಗೆ, ಸೀರೆಯ ಕೊಂಡಿಗಿಂತ ಮುಖ್ಯವಾದ ಗುರುತು. ಅಂಗಡಿಯ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಆಗ ಹೋಗುವುದು ಒಂದು ರಿಯಾಯಿತಿ ಮಾತ್ರ.

ಪಾವತಿಯ ವಿಧಾನವನ್ನು ಆಯ್ದುಕೊಳ್ಳುವ ಆ ಕ್ಷಣದಲ್ಲಿಯೇ, ಮುಂದೆ ತಕರಾರು ಬಂದರೆ ನಮಗೆ ಯಾವ ದಾರಿ ಇರುತ್ತದೆ ಎಂಬುದೂ ನಿರ್ಧಾರವಾಗಿಬಿಡುತ್ತದೆ. ಇದನ್ನು ನಾನು ಈ ಪ್ರಕರಣದಿಂದ ಸ್ಪಷ್ಟವಾಗಿ ಕಂಡುಕೊಂಡೆ. ಮೊದಲ ಸಲ ಕೊಳ್ಳುವ ಅಂಗಡಿಯಾದರೆ ಕಾರ್ಡು, ಅದರಲ್ಲೂ ಕ್ರೆಡಿಟ್ ಕಾರ್ಡು, ಅಥವಾ ಕೈಗೆ ಬಂದ ಮೇಲೆ ಕೊಡುವುದು ಮೇಲು ಎಂದು ನಾನು ಹೇಳುತ್ತೇನೆ. ಕಾರ್ಡಿನ ವಿವರ ಅಂಗಡಿಯಲ್ಲಿ ಉಳಿಯುತ್ತದೆಂಬ ಹಳೆಯ ಭಯ ಈಗ ಅಷ್ಟು ಇಲ್ಲ. 2022ರ ಅಕ್ಟೋಬರ್‌ನಿಂದ ಅಂಗಡಿಗಳು ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಬಳಸಬೇಕು. ಕೈಗೆ ಬಂದ ಮೇಲೆ ಕೊಡುವುದರಲ್ಲಿಯೂ ಪೊಟ್ಟಣದಲ್ಲಿ ಹಳೆ ಬಟ್ಟೆ ಬಂದ ಉದಾಹರಣೆಗಳು ನನ್ನ ಬಳಿಯೇ ಇವೆ, ಆದ್ದರಿಂದ ಅದೂ ಪೂರ್ಣ ರಕ್ಷಣೆಯೇನಲ್ಲ.

ಸಹಾಯವಾಣಿಯ ಸಂಖ್ಯೆಯನ್ನು ಹುಡುಕಿ ತೆಗೆಯುವ ಅಭ್ಯಾಸದ ಬಗ್ಗೆ ನನಗೆ ತೀವ್ರವಾದ ಆತಂಕವಿದೆ. ಅಂಗಡಿಯ ಸ್ವಂತ ಆ್ಯಪ್, ಬ್ಯಾಂಕಿನ ಪಾಸ್‌ಬುಕ್, ಕಾರ್ಡಿನ ಹಿಂಬದಿ ಇವುಗಳಲ್ಲಿ ಮುದ್ರಿತವಾದ ಸಂಖ್ಯೆ ಬಿಟ್ಟು ಬೇರೆಯದಕ್ಕೆ ಕರೆ ಮಾಡಲೇಬಾರದು. ಬ್ಯಾಂಕುಗಳ ತಾಣಗಳೆಲ್ಲ ಬ್ಯಾಂಕ್ ಡಾಟ್ ಇನ್ ಎಂಬ ಕೊನೆಯಿರುವ ವಿಳಾಸಕ್ಕೆ 2025ರ ಅಕ್ಟೋಬರ್ ಮುಗಿಯುವುದರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಹೇಳಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐಯಲ್ಲಿ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಅದೇ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಒಳ್ಳೆಯ ಹೆಜ್ಜೆಗಳು. ಆದರೆ ಈ ಶಿಕ್ಷಕಿಯ ಸಂದರ್ಭದಲ್ಲಿ ಇವೆರಡೂ ಅವರನ್ನು ಕಾಯುತ್ತಿರಲಿಲ್ಲ. ಅವರು ಹೋದದ್ದು ಬ್ಯಾಂಕಿನ ತಾಣಕ್ಕಲ್ಲ. ಅವರಿಗೆ ಕೋರಿಕೆಯೂ ಬಂದಿರಲಿಲ್ಲ, ಮೊತ್ತವನ್ನು ತಾವೇ ಒತ್ತಿದ್ದರು.

ಈಗ

ಶಿಕ್ಷಕಿ ಯುಪಿಐ ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ. ಸಂಬಳದ ಖಾತೆಯಿಂದ ಯುಪಿಐ ತೆಗೆಸಿ, ಬೇರೊಂದು ಖಾತೆಗೆ ತಿಂಗಳಿಗೆ ಆರು ಸಾವಿರ ಹಾಕಿಕೊಂಡು ಅದರಿಂದಷ್ಟೇ ಕೊಡುತ್ತಾರೆ. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಟ್ಟಿದ್ದಾರೆ, ಬೇಕಾದಾಗ ತೆರೆದು ಮತ್ತೆ ಮುಚ್ಚುತ್ತಾರೆ. ನಿಶ್ಚಿತಾರ್ಥದ ಸೀರೆಯನ್ನು ಊರಿನ ಅಂಗಡಿಯಿಂದಲೇ ತಂದರು. ಮೂರರ ಬದಲು ಒಂದು. ಎಫ್‌ಐಆರ್ ಇನ್ನೂ ತನಿಖೆಯಲ್ಲಿದೆ. ಹಣ ಹೋದ ಮೊದಲ ಖಾತೆ ಬೇರೆ ರಾಜ್ಯದ ಒಬ್ಬ ಯುವಕನದ್ದು, ತಿಂಗಳಿಗೆ ಇಷ್ಟು ಎಂದು ಪಡೆದು ಪಾಸ್‌ಬುಕ್, ಸಿಮ್ ಎರಡನ್ನೂ ಯಾರಿಗೋ ಕೊಟ್ಟಿದ್ದನಂತೆ. ಅವನಿಗೆ ನೋಟೀಸು ಹೋಗಿದೆ.

ಮೊನ್ನೆ ಅವರು ಗಜೇಂದ್ರಗಡದ ಒಬ್ಬ ಪರಿಚಿತ ನೇಕಾರರಿಂದ ಫೋನಿನಲ್ಲಿ ಮಾತಾಡಿ ಒಂದು ಸೀರೆ ತರಿಸಿಕೊಂಡರು. ಹಣ ಹಾಕುವಾಗ ನಾನು ಪಕ್ಕದಲ್ಲಿಯೇ ಇದ್ದೆ. ಕರೆಯನ್ನು ಕತ್ತರಿಸದೆ, ತೆರೆಯ ಮೇಲೆ ಬಂದ ಹೆಸರನ್ನು ಗಟ್ಟಿಯಾಗಿ ಓದಿ, “ಇದು ನಿಮ್ಮದ ಏನ್ರಿ ಅಣ್ಣಾರ?” ಎಂದು ಕೇಳಿದರು. “ನಂದಲ್ರಿ ಅಕ್ಕಾರ, ನನ್ನ ಮಗಂದು” ಎಂದರು ಆ ಕಡೆಯಿಂದ. ಶಿಕ್ಷಕಿ ಮಗನನ್ನು ಫೋನಿಗೆ ಕರೆಸಿ, ಅವನ ಬಾಯಿಂದ ಪೂರ್ತಿ ಹೆಸರು ಹೇಳಿಸಿ, ಆಮೇಲೆ ಪಿನ್ ಹಾಕಿದರು.